ಲಾಸ್ ವೇಗಾಸ್‌ಗೆ ಮೊದಲು ಬಂದ ಹುಡುಗರು ಜೂಜಾಡೋಕೆ ಬಂದಿರಲಿಲ್ಲ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

 

ಇವತ್ತಿನ ಕಥೆ ಶುರುವಾಗಿದ್ದು ಬೆಂಗಳೂರಿನ ಒಂದು ಬಸ್ ಸ್ಟಾಪ್‌ನಲ್ಲಿ. ಒಂದು ಸಂಜೆ ಬಸ್ಸಿಗೆ ಕಾಯ್ತಾ ನಿಂತಿದ್ದೆ. ಪಕ್ಕದಲ್ಲಿ ಇಬ್ಬರು ಹುಡುಗರು. ಬಿಳಿ ಶರ್ಟು, ಟೈ, ಎದೆ ಮೇಲೆ ಕಪ್ಪು ನೇಮ್ ಪ್ಲೇಟ್. ವಯಸ್ಸು ಇಪ್ಪತ್ತೋ ಇಪ್ಪತ್ತೊಂದೋ ಇರಬೇಕು. ಒಬ್ಬ ಹರಕು ಮುರುಕು ಕನ್ನಡದಲ್ಲಿ ಬಸ್ ನಂಬರ್ ಕೇಳಿದ. ಹಾಗೇ ಮಾತಿಗೆ ಮಾತು ಬೆಳೀತು. ಅವರು ಮಾರ್ಮನ್ ಮಿಷನರಿಗಳು. ಎರಡು ವರ್ಷ ಮನೆ ಬಿಟ್ಟು, ಸಭೆ ಕಳಿಸಿದ ಊರಲ್ಲಿ ಇದ್ದು ಕೆಲಸ ಮಾಡಬೇಕು. ನಾನು ಬಿ.ಕಾಂ. ಓದಿದವನು, ಮೊದಲು ಬಾಯಿಗೆ ಬಂದಿದ್ದು ಅದೇ ಪ್ರಶ್ನೆ: "ಸಂಬಳ ಎಷ್ಟಪ್ಪಾ?"

ಹುಡುಗ ನಕ್ಕ. "ಸಂಬಳ ಇಲ್ಲ ಅಣ್ಣ. ಮನೆಯಿಂದಾನೇ ತಿಂಗಳು ತಿಂಗಳು ದುಡ್ಡು ಕಟ್ತಾರೆ."

ಕೆಲಸ ಮಾಡೋನೇ ದುಡ್ಡು ಕಟ್ಟಬೇಕು! ಈ ಲೆಕ್ಕ ನನ್ನ ತಲೇಲಿ ಕೂತುಬಿಡ್ತು. ಈ ಪದ್ಧತಿ ಎಲ್ಲಿಂದ ಬಂತು ಅಂತ ಹಿಂದೆ ಹಿಂದೆ ಓದ್ತಾ ಹೋದೆ. ಹೋಗಿ ಸೇರಿದ್ದು 1855ಕ್ಕೆ, ಅಮೆರಿಕದ ಮೊಹಾವಿ ಮರುಭೂಮಿಗೆ, ಇವತ್ತು ನಾವು ಲಾಸ್ ವೇಗಾಸ್ ಅಂತ ಕರೆಯೋ ಜಾಗಕ್ಕೆ.

ಹೌದು, ಅದೇ ಲಾಸ್ ವೇಗಾಸ್. ಕ್ಯಾಸಿನೋ, ನಿಯಾನ್ ಬೆಳಕು, ರಾತ್ರಿಯಿಡೀ ಜೂಜು. ಆ ನೆಲದಲ್ಲಿ ಊರು ಕಟ್ಟೋಕೆ ಅಂತ ಹೊರಗಿಂದ ಬಂದ ಮೊದಲ ಗುಂಪು ಯಾವುದು ಅಂದರೆ, ಹೆಂಡ ಬೇಡ, ಜೂಜು ಬೇಡ ಅನ್ನೋ ಧರ್ಮದ ಮೂವತ್ತು ಮಿಷನರಿಗಳು. ಅವರಲ್ಲೊಬ್ಬ ಇಪ್ಪತ್ತನಾಲ್ಕು ವರ್ಷದ ಹುಡುಗ. ಒಂದು ಕೈ ಇರಲಿಲ್ಲ. ಇವತ್ತು ಅವನ ಜೊತೆ ಹೋಗೋಣ.

ಒಂದು ಕೈ ಹೋಯ್ತು, ಒಂದು ಭಾಷೆ ಬಂತು

ಹೆಸರು ಜಾರ್ಜ್ ವಾಷಿಂಗ್ಟನ್ ಬೀನ್. ಹುಟ್ಟಿದ್ದು 1831ರಲ್ಲಿ, ಇಲಿನಾಯ್ ರಾಜ್ಯದಲ್ಲಿ. ಅವನಿಗಿಂತ ಅವನ ಧರ್ಮಕ್ಕೆ ಒಂದೇ ವರ್ಷ ಜಾಸ್ತಿ ವಯಸ್ಸು. ಜೋಸೆಫ್ ಸ್ಮಿತ್ ಅನ್ನೋರು ನ್ಯೂಯಾರ್ಕ್ ರಾಜ್ಯದಲ್ಲಿ 1830ರಲ್ಲಿ ಶುರು ಮಾಡಿದ ಪಂಥ ಇದು. ಜನ ಅವರನ್ನ ಮಾರ್ಮನ್ನರು ಅಂತ ಕರೆದರು. ಈಗ ಆ ಸಭೆಯವರು ಆ ಅಡ್ಡಹೆಸರು ಬೇಡ, ನಮ್ಮ ಪೂರ್ತಿ ಹೆಸರನ್ನೇ ಹೇಳಿ ಅಂತ 2018ರಿಂದ ಕೇಳ್ತಿದ್ದಾರೆ. ಆದ್ರೆ ನಾನು ಹೇಳ್ತಿರೋದು ಹಳೇ ಕಾಲದ ಕಥೆ, ಹಾಗಾಗಿ ಹಳೇ ಹೆಸರನ್ನೇ ಬಳಸ್ತೀನಿ.

ಹೋದ ಕಡೆಯೆಲ್ಲ ಅಕ್ಕಪಕ್ಕದವರ ಜೊತೆ ಜಗಳ, ಹೊಡೆದಾಟ. 1844ರಲ್ಲಿ ಜೋಸೆಫ್ ಸ್ಮಿತ್‌ರನ್ನ ಇಲಿನಾಯ್‌ನ ಜೈಲಿಗೇ ನುಗ್ಗಿ ಒಂದು ಗುಂಪು ಕೊಂದಿತು. ಆಮೇಲೆ ಬ್ರಿಗಮ್ ಯಂಗ್ ಅನ್ನೋ ಮುಂದಾಳು ಜನರನ್ನೆಲ್ಲ ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟ. 1847ರಲ್ಲಿ ಸಾಲ್ಟ್ ಲೇಕ್ ಕಣಿವೆಗೆ ಬಂದು ನೆಲೆ ನಿಂತರು. ಅದೇ ವರ್ಷ ಬೀನ್ ಕೂಡ ಅಲ್ಲಿಗೆ ಬಂದ. ಆಗ ಅವನಿಗೆ ಹದಿನಾರು.

ಎರಡು ವರ್ಷ ಆದಮೇಲೆ, ಈಗಿನ ಪ್ರೋವೊ ಊರಿನ ಕೋಟೇಲಿ ಒಂದು ಫಿರಂಗಿಗೆ ಮದ್ದು ತುಂಬ್ತಾ ಇದ್ದರು. ಮದ್ದನ್ನ ಒಳಗೆ ಗಿಡೀತಿರುವಾಗಲೇ ಅದು ಸಿಡಿದುಹೋಯ್ತು. ಜೊತೆಗಿದ್ದವನು ಸತ್ತ. ಬೀನ್ ಬದುಕಿದ, ಆದ್ರೆ ಎಡಗೈ ಹೋಯ್ತು, ಮೈತುಂಬಾ ಸಿಬಿರು ಚುಚ್ಚಿಕೊಂಡಿತ್ತು. ವಯಸ್ಸು ಹದಿನೆಂಟು. ರೈತಾಪಿ ಜನರ ಮಧ್ಯೆ, ನೇಗಿಲು ಹಿಡಿಯೋಕೆ ಎರಡು ಕೈ ಬೇಕೇಬೇಕು ಅನ್ನೋ ಕಾಲದಲ್ಲಿ, ಒಂದು ಕೈ ಇಲ್ಲದ ಹುಡುಗ ಏನು ಮಾಡ್ಬೇಕು ಹೇಳಿ?

ಹಾಸಿಗೆ ಹಿಡಿದು ಮಲಗಿದ್ದ ದಿನಗಳಲ್ಲಿ ಅವನನ್ನ ನೋಡೋಕೆ ಆ ಕಡೆಯ ಮೂಲನಿವಾಸಿಗಳು, ಯೂಟ್ ಜನ, ಬರ್ತಿದ್ದರು. ಬೀನ್ ಅವರ ಮಾತನ್ನ ಕೇಳ್ತಾ ಕೇಳ್ತಾ ಕಲಿತ. ಎದ್ದು ಓಡಾಡೋ ಹೊತ್ತಿಗೆ ಅವನ ಹತ್ತಿರ ಊರಲ್ಲಿ ಹೆಚ್ಚಿನವರ ಹತ್ತಿರ ಇಲ್ಲದ ಒಂದು ಬಂಡವಾಳ ಇತ್ತು. ಎರಡು ಕಡೆಯವರೂ ಅವನನ್ನ ದುಭಾಷಿಯಾಗಿ ಕರೆಯೋಕೆ ಶುರು ಮಾಡಿದರು.

ಹೆಸರು ಕೂಗಿದರು, ಹೊರಟರು

1855ರ ಏಪ್ರಿಲ್. ಸಾಲ್ಟ್ ಲೇಕ್ ಸಿಟಿಯಲ್ಲಿ ಸಭೆಯ ದೊಡ್ಡ ಸಮ್ಮೇಳನ. ಆ ಕಾಲದ ಪದ್ಧತಿ ನೋಡಿ. ಅರ್ಜಿ ಹಾಕೋ ಹಾಗಿಲ್ಲ, ಇಂಟರ್‌ವ್ಯೂ ಇಲ್ಲ. ವೇದಿಕೆ ಮೇಲಿಂದ ಹೆಸರು ಓದೋರು. ಎಷ್ಟೋ ಸಲ ಆ ಮನುಷ್ಯನಿಗೆ ತಾನು ಹೋಗ್ಬೇಕು ಅಂತ ಗೊತ್ತಾಗೋದೇ ಆವಾಗ. ಆ ಸಲ ಲಾಸ್ ವೇಗಾಸ್‌ಗೆ ಅಂತ ಮೂವತ್ತು ಜನರನ್ನ ಆರಿಸಿದರು. ಮುಖಂಡ ವಿಲಿಯಂ ಬ್ರಿಂಗ್‌ಹರ್ಸ್ಟ್. ದುಭಾಷಿ ಜಾರ್ಜ್ ಬೀನ್. ಅವನಿಗೆ ಮದುವೆಯಾಗಿ ಎರಡು ವರ್ಷ ದಾಟಿತ್ತಷ್ಟೆ.

ಸಂಬಳ? ಇಲ್ಲ. ಗಾಡಿ ನಿಮ್ಮದೇ, ಎತ್ತು ನಿಮ್ಮದೇ, ಬೀಜ ನಿಮ್ಮದೇ, ಹಿಟ್ಟು ನಿಮ್ಮದೇ. ಹಿಂದೆ ಉಳಿದ ಹೆಂಡತಿ ಮಕ್ಕಳನ್ನ ನೋಡ್ಕೊಳ್ಳೋದು ಅವರವರ ಮನೆಯವರ ಪಾಡು. ನನಗೆ ಬಸ್ ಸ್ಟಾಪ್‌ನಲ್ಲಿ ಹುಡುಗ ಹೇಳಿದ ಮಾತು ನೆನಪಾಯ್ತು. ಪದ್ಧತಿ ಹೊಸದೇನಲ್ಲ.

ಅಷ್ಟಕ್ಕೂ ಲಾಸ್ ವೇಗಾಸೇ ಯಾಕೆ? ಇದಕ್ಕೆ ಉತ್ತರ ಮ್ಯಾಪ್‌ನಲ್ಲಿದೆ. ಸಾಲ್ಟ್ ಲೇಕ್‌ನಿಂದ ನೈರುತ್ಯಕ್ಕೆ, ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದಲ್ಲಿ ಮಾರ್ಮನ್ನರು 1851ರಲ್ಲಿ ಇನ್ನೊಂದು ಊರು ಕಟ್ಟಿದ್ದರು. ಸಮುದ್ರದ ಕಡೆಗೆ ಅದೇ ಅವರ ಬಾಗಿಲು. ಮಧ್ಯದಲ್ಲಿ ಪೂರ್ತಿ ಮರುಭೂಮಿ. ಆ ಮರುಭೂಮಿ ನಡುವೆ ಒಂದು ಜಾಗದಲ್ಲಿ ನೆಲದಿಂದ ಬುಗ್ಗೆ ಉಕ್ಕಿ, ಹಳ್ಳವಾಗಿ ಹರಿದು, ಸುತ್ತ ಹುಲ್ಲುಗಾವಲು ಮಾಡಿತ್ತು. ಸ್ಪ್ಯಾನಿಷ್‌ನಲ್ಲಿ 'ಲಾಸ್ ವೇಗಾಸ್' ಅಂದ್ರೆ ಹುಲ್ಲುಗಾವಲುಗಳು ಅಂತಲೇ ಅರ್ಥ. ನ್ಯೂ ಮೆಕ್ಸಿಕೋದಿಂದ ಕ್ಯಾಲಿಫೋರ್ನಿಯಾಗೆ ಹೋಗೋ ವ್ಯಾಪಾರಿಗಳು 1830ರ ಆಸುಪಾಸಿನಿಂದ ಅಲ್ಲಿ ತಂಗ್ತಿದ್ದರು. 1844ರಲ್ಲಿ ಅಮೆರಿಕ ಸೈನ್ಯದ ಜಾನ್ ಫ್ರೀಮಾಂಟ್ ಅಲ್ಲಿ ಬಿಡಾರ ಹೂಡಿ, ಆಮೇಲೆ ಅದರ ಬಗ್ಗೆ ಬರೆದು ಪ್ರಕಟಿಸಿದ. ಆಮೇಲೆ ಆ ನೀರಿನ ಸುದ್ದಿ ಎಲ್ಲರಿಗೂ ಗೊತ್ತಾಯ್ತು.

ಅಂದ್ರೆ ಮಿಷನ್‌ಗೆ ಎರಡು ಕೆಲಸ. ಒಂದು, ದಾರಿಹೋಕರಿಗೂ ಟಪಾಲಿಗೂ ಒಂದು ತಂಗುದಾಣ. ಇನ್ನೊಂದು, ಅಲ್ಲಿದ್ದ ಪೈಯೂಟ್ ಜನರಿಗೆ ಬೇಸಾಯ ಕಲಿಸಿ, ತಮ್ಮ ಧರ್ಮಕ್ಕೆ ಸೇರಿಸೋದು.

ಮೇ ತಿಂಗಳಲ್ಲಿ ಹೊರಟರು. ದೂರ ಸುಮಾರು 700 ಕಿಲೋಮೀಟರ್, ಬೆಂಗಳೂರಿಂದ ಬೀದರ್‌ಗೆ ಹೋದಷ್ಟು ಅಂತ ಇಟ್ಕೊಳ್ಳಿ. ಎತ್ತಿನ ಗಾಡಿಯಲ್ಲಿ. ಕೊನೇ ಭಾಗದಲ್ಲಿ ಸುಮಾರು 80 ಕಿಲೋಮೀಟರ್ ಒಂದು ಹನಿ ನೀರಿಲ್ಲ. ಹಗಲು ಹೋದರೆ ಎತ್ತು ಸಾಯುತ್ತೆ ಅಂತ ಆ ದಾರೀನ ರಾತ್ರಿ ಹೊತ್ತು ದಾಟ್ತಿದ್ದರು. ಜೂನ್ 14ಕ್ಕೆ ಬುಗ್ಗೆ ಹತ್ತಿರ ಬಂದು ಸೇರಿದರು. ಜೂನ್! ಮೊಹಾವಿ ಮರುಭೂಮೀಲಿ ಬೇಸಗೆ ನಡುವೆ ಹೊಲ ಉಳೋಕೆ ಬಂದಿದ್ದಾರೆ ಮಹಾನುಭಾವರು.

ದಿನಚರಿ: ಮಣ್ಣು, ನೀರು, ಕಾವಲು

ಮಿಷನರಿ ಅಂದ ಕೂಡಲೇ ನಮಗೆ ಕಣ್ಮುಂದೆ ಬರೋದು ಪುಸ್ತಕ ಹಿಡಿದು ಬಾಗಿಲು ತಟ್ಟೋ ಮನುಷ್ಯ. ಇಲ್ಲಿ ತಟ್ಟೋಕೆ ಬಾಗಿಲೇ ಇರಲಿಲ್ಲ. ಬಾಗಿಲನ್ನೂ ಇವರೇ ಮಾಡ್ಬೇಕು.

ಬಂದ ಕೂಡಲೇ ಮಾಡಿದ ಕೆಲಸ ಹಳ್ಳದ ನೀರನ್ನ ಕಾಲುವೆಗೆ ತಿರುಗಿಸಿದ್ದು. ಜಮೀನು ಅಳೆದು, ತುಂಡು ಮಾಡಿ, ಹಂಚಿಕೊಂಡರು. ಜೋಳ, ಹುರುಳಿ ಜಾತಿಯ ಕಾಳು, ಕುಂಬಳ, ಕಲ್ಲಂಗಡಿ ಹಾಕಿದರು. ಮಣ್ಣಲ್ಲಿ ಚೌಳು. ನೀರು ಹಾಯಿಸಿದಷ್ಟೂ ಉಪ್ಪು ಮೇಲೆ ಬರೋ ನೆಲ. ನಮ್ಮಲ್ಲಿ ತುಂಗಭದ್ರಾ ಅಚ್ಚುಕಟ್ಟಿನ ರೈತರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಕೋಟೆ. ಒಂದೊಂದು ಕಡೆ 150 ಅಡಿ ಇರೋ ಚೌಕ, ಗೋಡೆ ಎತ್ತರ 14 ಅಡಿ. ಬೆಂಗಳೂರಿನ ಲೆಕ್ಕದಲ್ಲಿ ಹೇಳೋದಾದ್ರೆ 30-40 ಸೈಟು ಹದಿನೆಂಟು ಸೇರಿಸಿದರೆ ಆಗೋವಷ್ಟು ಜಾಗ. ಎರಡು ಮೂಲೇಲಿ ಕಾವಲು ಬುರುಜು. ಕಲ್ಲಿನ ತಳಪಾಯ, ಮೇಲೆ ಹಸಿ ಇಟ್ಟಿಗೆ. ಮಣ್ಣು ಕಲಸಿ, ತುಳಿದು, ಅಚ್ಚಿಗೆ ಹಾಕಿ, ಬಿಸಿಲಲ್ಲಿ ಒಣಗಿಸೋದು. ಒಣಗೋಕಂತೂ ಅಲ್ಲಿ ಬರ ಇಲ್ಲ! ಜುಲೈ ತಿಂಗಳ ಮಧ್ಯಾಹ್ನ 40 ಡಿಗ್ರಿ ಅಲ್ಲಿ ಮಾಮೂಲು. ಮರಕ್ಕೆ ಮಾತ್ರ ಬರ. ತೊಲೆ, ಹಲಗೆಗೆ ಪಶ್ಚಿಮದ ಬೆಟ್ಟದವರೆಗೂ ಗಾಡಿ ಕಟ್ಟಬೇಕು.

ರಾತ್ರಿ ದನ ಕಾಯೋ ಪಾಳಿ. ಭಾನುವಾರ ಕೆಲಸಕ್ಕೆ ರಜೆ, ಆದ್ರೆ ಸಭೆಗೆ ರಜೆ ಇಲ್ಲ. ಸೊಪ್ಪು ಸದೆ ಹೊದೆಸಿದ ಚಪ್ಪರದ ಕೆಳಗೆ ಕೂತು ಪ್ರಾರ್ಥನೆ, ಉಪದೇಶ. ತಿಂಗಳಿಗೊಮ್ಮೆ ಸಾಲ್ಟ್ ಲೇಕ್ ಮತ್ತು ಕ್ಯಾಲಿಫೋರ್ನಿಯಾ ನಡುವೆ ಟಪಾಲು ಓಡಾಡ್ತಿತ್ತು. ಮನೆ ಸುದ್ದಿ ಬಂದರೆ ಅದರಲ್ಲೇ ಬರಬೇಕು. 1856ರಲ್ಲಿ ಅಲ್ಲೇ ಒಂದು ಪೋಸ್ಟ್ ಆಫೀಸ್ ಕೂಡ ಆಯ್ತು. ಆ ಜಾಗ ಆಗ ನ್ಯೂ ಮೆಕ್ಸಿಕೋ ಪ್ರಾಂತ್ಯಕ್ಕೆ ಸೇರಿತ್ತು, ಆ ಪ್ರಾಂತ್ಯದಲ್ಲಿ ಇನ್ನೊಂದು ಲಾಸ್ ವೇಗಾಸ್ ಆಗಲೇ ಇತ್ತು. ಗೊಂದಲ ಬೇಡ ಅಂತ ಮುಖಂಡನ ಹೆಸರನ್ನೇ ಇಟ್ಟು 'ಬ್ರಿಂಗ್‌ಹರ್ಸ್ಟ್' ಪೋಸ್ಟ್ ಆಫೀಸ್ ಅಂದರು. ಕ್ಯಾಸಿನೋ ಊರಿಗೆ ಟಪಾಲಿನ ಲೆಕ್ಕದಲ್ಲಿ ಸಿಕ್ಕಿದ ಮೊದಲ ಹೆಸರು ಅದು.

ಈಗ ಒಂದು ಕೈಯಿನ ಬೀನ್ ಕಡೆ ನೋಡೋಣ. ಅವನ ದಿನದ ಕೆಲಸ ಬೇರೆ ತರಹದ್ದು. ಮಾತಾಡೋದು, ಬರೆಯೋದು. ಯೂಟ್ ಜನರ ಮಾತಿಗೂ ಪೈಯೂಟ್ ಜನರ ಮಾತಿಗೂ ಇರೋ ವ್ಯತ್ಯಾಸ ಧಾರವಾಡದ ಕನ್ನಡಕ್ಕೂ ಮೈಸೂರ ಕನ್ನಡಕ್ಕೂ ಇರೋ ಹಾಗೆ ಅಂದುಕೊಳ್ಳಿ. ಒಂದೇ ಭಾಷೆಯ ಬೇರೆ ಬೇರೆ ರೂಪಗಳು. ಸ್ವಲ್ಪ ದಿನ ತಡವರಿಸಿದರೂ ಅರ್ಥ ಆಗುತ್ತೆ. ಹಾಗಾಗಿ ಬಂದ ಮೊದಲ ದಿನಗಳಲ್ಲೇ ಪೈಯೂಟ್ ಹಿರಿಯರನ್ನ ಕೂರಿಸಿ ಒಂದು ಒಪ್ಪಂದದ ಮಾತಾಡೋಕೆ ಆಯ್ತು. ನಾವಿಲ್ಲಿ ಇರ್ತೀವಿ, ನಿಮ್ಮ ಜೊತೆ ನ್ಯಾಯವಾಗಿ ನಡ್ಕೊಳ್ತೀವಿ. ನೀವು ನಮ್ಮ ಮೇಲೆ, ದಾರಿಹೋಕರ ಮೇಲೆ ಬೀಳಬೇಡಿ. ಸ್ಥೂಲವಾಗಿ ಮಾತು ಇಷ್ಟು. ಅದು ನಡೀತು ಕೂಡ. ಪೈಯೂಟರು ಇಟ್ಟಿಗೆ ಕೆಲಸಕ್ಕೆ ಬಂದರು, ಹೊಲಕ್ಕೆ ಬಂದರು, ಊಟಕ್ಕೆ ಬಟ್ಟೆಗೆ ಕೆಲಸ ಮಾಡಿದರು. ಹಲವರು ಹಳ್ಳದ ನೀರಲ್ಲಿ ಮುಳುಗಿ ದೀಕ್ಷೆ ತಗೊಂಡರು.

ಮಿಷನ್ ನಿಂತಿದ್ದು ಗೋಡೆ ಮೇಲಲ್ಲ, ಆ ಮಾತಿನ ಮೇಲೆ.

ಆ ನೀರು ಯಾರದ್ದು?

ಒಂದು ನಿಮಿಷ ಕಥೆ ನಿಲ್ಲಿಸ್ತೀನಿ. ಇಲ್ಲೀವರೆಗೂ ನಾನು 'ಖಾಲಿ ಮರುಭೂಮಿಗೆ ಬಂದರು' ಅನ್ನೋ ಧಾಟೀಲಿ ಹೇಳ್ತಾ ಬಂದೆ ಅಲ್ವಾ? ಅದು ತಪ್ಪು. ಅದು ಖಾಲಿ ಇರಲಿಲ್ಲ.

ದಕ್ಷಿಣ ಪೈಯೂಟರು ತಮ್ಮನ್ನ ತಾವು ಕರೆದುಕೊಳ್ಳೋದು ನುವುವಿ ಅಂತ. ಅವರು ಸಣ್ಣ ಸಣ್ಣ ಕುಟುಂಬ ಗುಂಪುಗಳಾಗಿ ಇದ್ದರು. ಒಂದೊಂದು ಋತುವಿಗೆ ಒಂದೊಂದು ಜಾಗ. ಬೇಸಗೇಲಿ ಬೆಟ್ಟದ ತಂಪು, ಮಳೆ ಮುಗಿದ ಮೇಲೆ ಪೈನ್ ಮರದ ಬೀಜ, ಚಳಿಗೆ ಕೆಳಗಿನ ಬಯಲು. ಬುಗ್ಗೆ ನೀರಿರೋ ಕಡೆ ಸಣ್ಣ ಪಾತಿ ಮಾಡಿ ಜೋಳ, ಕುಂಬಳ ಬೆಳೀತಿದ್ದರು. ಅಂದ್ರೆ ಬೇಸಾಯ 'ಕಲಿಸೋಕೆ' ಬಂದವರಿಗಿಂತ ಮೊದಲೇ ಅವರಿಗೆ ಬೇಸಾಯ ಗೊತ್ತಿತ್ತು. ಯಾವ ತಿಂಗಳಲ್ಲಿ ಏನು ಬೆಳೆಯುತ್ತೆ ಅಂತಲೂ ಗೊತ್ತಿತ್ತು.

ಅವರ ಮುಖ್ಯ ಆಹಾರಗಳಲ್ಲಿ ಒಂದು ಮೆಸ್ಕೀಟ್ ಮರದ ಕಾಯಿ. ಒಣಗಿಸಿ, ಕುಟ್ಟಿ ಹಿಟ್ಟು ಮಾಡೋರು. ಮೆಸ್ಕೀಟ್ ಯಾವುದು ಗೊತ್ತಾ? ನಮ್ಮ ಬಳ್ಳಾರಿ ಜಾಲಿಯ ದಾಯಾದಿ! ಕೆರೆ ಅಂಗಳದಲ್ಲಿ, ರೈಲ್ವೆ ಹಳಿ ಪಕ್ಕ ಬೆಳೆದು ನಾವು ಶಾಪ ಹಾಕೋ ಆ ಮುಳ್ಳಿನ ಗಿಡದ ಕುಲವೇ ಅಲ್ಲಿ ಒಂದು ಜನಾಂಗದ ಹೊಟ್ಟೆ ತುಂಬಿಸ್ತಿತ್ತು.

ಮಿಷನರಿಗಳಿಗೂ ಮೊದಲೇ ಅವರ ಮೇಲೆ ದಾರಿಯ ಹೊರೆ ಬಿದ್ದಿತ್ತು. ವ್ಯಾಪಾರಿಗಳ ಕುದುರೆ, ಹೇಸರಗತ್ತೆಗಳ ಹಿಂಡು ಬುಗ್ಗೆ ಹತ್ತಿರದ ಹುಲ್ಲನ್ನ ಮೇಯ್ದು ಹೋಗ್ತಿತ್ತು. ಆ ಹುಲ್ಲಿನ ಬೀಜ ಪೈಯೂಟರ ಊಟ. ಅದಕ್ಕಿಂತ ಭೀಕರವಾದದ್ದು ಇನ್ನೊಂದು. ಅದೇ ದಾರೀಲಿ ಪೈಯೂಟ್ ಹೆಂಗಸರನ್ನ, ಮಕ್ಕಳನ್ನ ಹಿಡಿದು ಗುಲಾಮರಾಗಿ ಮಾರ್ತಿದ್ದರು. ಕುದುರೆ ಮೇಲೆ ಬರೋ ಯೂಟರು ಹಿಡಿಯೋರು, ನ್ಯೂ ಮೆಕ್ಸಿಕೋ ವ್ಯಾಪಾರಿಗಳು ಕೊಳ್ಳೋರು. ಮಾರ್ಮನ್ನರು ಇದನ್ನ ವಿರೋಧಿಸಿದರು, ನಿಜ. ಆದ್ರೆ 1852ರಲ್ಲಿ ಅವರದ್ದೇ ಯೂಟಾ ಪ್ರಾಂತ್ಯ ಮಾಡಿದ ಕಾನೂನು, ಹಾಗೆ ಬಿಡಿಸಿ ತಂದ ಮಕ್ಕಳನ್ನ 20 ವರ್ಷದವರೆಗೆ ಮನೆಗೆಲಸ, ಹೊಲಗೆಲಸಕ್ಕೆ ಇಟ್ಕೊಳ್ಳೋಕೆ ಅವಕಾಶ ಕೊಟ್ಟಿತ್ತು. ರಕ್ಷಣೆ ಅನ್ನೋ ಪದದ ಒಳಗೆ ಏನೇನು ಅಡಗಿರುತ್ತೆ ನೋಡಿ.

ಇಂಥ ಜನರ ಹತ್ತಿರ ಹೋಗಿ ಬೀನ್ ಅವರದ್ದೇ ಮಾತಲ್ಲಿ 'ನಾವು ನಿಮಗೆ ಒಳ್ಳೇದು ಮಾಡೋಕೆ ಬಂದಿದ್ದೀವಿ' ಅಂತ ಹೇಳ್ತಾನೆ. ಅವನು ಸುಳ್ಳು ಹೇಳ್ತಿದ್ದ ಅಂತ ನನಗೆ ಅನ್ನಿಸಲ್ಲ. ಅವನು ನಂಬಿದ್ದ. ಆದರೆ ಹೇಳ್ತಿರೋ ಹೊತ್ತಿಗೆ ಹಳ್ಳದ ನೀರು ಆಗಲೇ ಇನ್ನೊಂದು ಕಾಲುವೆಗೆ ತಿರುಗಿತ್ತು.

ಬೆಳೆ ಬಂದಾಗ ಪೈಯೂಟರು ಹೊಲಕ್ಕೆ ನುಗ್ಗಿ ಜೋಳ, ಕಲ್ಲಂಗಡಿ ಕಿತ್ಕೊಂಡು ಹೋಗ್ತಿದ್ದರು. ಮಿಷನರಿಗಳ ಬರಹದಲ್ಲಿ ಇದಕ್ಕೆ ಹೆಸರು ಕಳ್ಳತನ. ಪೈಯೂಟರ ಕಡೆಯಿಂದ ನೋಡಿದರೆ? ನಮ್ಮ ನೆಲ, ನಮ್ಮ ನೀರು, ಬೆಳೆದಿದ್ದರಲ್ಲಿ ನಮ್ಮ ಪಾಲು. ಒಂದೇ ಕಲ್ಲಂಗಡಿ, ಎರಡು ಲೆಕ್ಕಪುಸ್ತಕ.

ಸೀಸ ಬಂತು, ಜಗಳ ಬಂತು

1856ರಲ್ಲಿ ಕಥೆಗೆ ದುಡ್ಡು ಕಾಲಿಡುತ್ತೆ. ಕೋಟೆಯ ನೈರುತ್ಯಕ್ಕೆ ಸುಮಾರು 50 ಕಿಲೋಮೀಟರ್ ದೂರದ ಬೆಟ್ಟದಲ್ಲಿ ಸೀಸದ ಅದಿರು ಸಿಕ್ಕಿತು. ಜಾಗದ ಹೆಸರು ಪೊಟೋಸಿ. ಸೀಸ ಅಂದ್ರೆ ಗುಂಡು, ಮದ್ದುಗುಂಡು. ಹೊರಗಿನ ಮಾರುಕಟ್ಟೆಯಿಂದ ದೂರ ಇದ್ದ ಯೂಟಾಗೆ ಅದು ಚಿನ್ನಕ್ಕೆ ಸಮ. ಬ್ರಿಗಮ್ ಯಂಗ್ ಕೂಡಲೇ ನಥಾನಿಯೆಲ್ ಜೋನ್ಸ್ ಅನ್ನೋನನ್ನ ಗಣಿ ಕೆಲಸಕ್ಕೆ ಕಳಿಸಿದ. ಮಿಷನ್ನಿನಿಂದ ಬೇಕಾದ ಆಳು, ಸಾಮಾನು ತಗೊಳ್ಳೋ ಅಧಿಕಾರ ಕೊಟ್ಟು.

ಬ್ರಿಂಗ್‌ಹರ್ಸ್ಟ್ ಒಪ್ಪಲಿಲ್ಲ. ನನ್ನ ಹುಡುಗರು ಬಂದಿರೋದು ಮಿಷನ್ ಕೆಲಸಕ್ಕೆ, ಹೊಲ ಯಾರು ನೋಡ್ತಾರೆ ಅಂತ ಅವನ ವಾದ. ಆಫೀಸಲ್ಲಿ ಕೆಲಸ ಮಾಡೋರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಒಂದೇ ಟೀಮು, ಇಬ್ಬರು ಬಾಸು, ಹೆಡ್ ಆಫೀಸ್ 700 ಕಿಲೋಮೀಟರ್ ದೂರ, ಪತ್ರ ಹೋಗಿ ಬರೋಕೆ ವಾರಗಟ್ಟಲೆ. ಹುಡುಗರೂ ಎರಡು ಗುಂಪಾದರು. ಕೊನೆಗೆ ಸಾಲ್ಟ್ ಲೇಕ್‌ನಿಂದ ಬಂದ ತೀರ್ಪಿನಲ್ಲಿ ಕೆಲಸ ಹೋಗಿದ್ದು ಬ್ರಿಂಗ್‌ಹರ್ಸ್ಟ್‌ದು.

ಇಷ್ಟೆಲ್ಲ ಮಾಡಿ ಸೀಸ ಸಿಕ್ತಾ? ಸಿಕ್ತು, ಆದ್ರೆ ಚೆನ್ನಾಗಿರಲಿಲ್ಲ. ಕರಗಿಸಿದರೆ ಪೆಡಸಾಗಿ ಬರ್ತಿತ್ತು. ಅದಿರಲ್ಲಿ ಸತು ತುಂಬಾ ಬೆರೆತಿತ್ತು, ಅದನ್ನ ಬೇರೆ ಮಾಡೋ ವಿದ್ಯೆ ಇವರ ಹತ್ತಿರ ಇರಲಿಲ್ಲ. ನೀರು ದೂರ, ಸೌದೆ ದೂರ, ಸಾಗಣೆ ಖರ್ಚು ಅಷ್ಟಿಷ್ಟಲ್ಲ. 1857ರ ಶುರುವಿನಲ್ಲೇ ಗಣಿ ನಿಲ್ಲಿಸಿದರು. ತಮಾಷೆ ಏನಂದ್ರೆ, 20ನೇ ಶತಮಾನದ ಶುರುವಿನಲ್ಲಿ ಅದೇ ಪೊಟೋಸಿ ಗಣಿ ಸತುವಿಗೇ ಹೆಸರಾಯ್ತು. ಇವರು ಕಸ ಅಂತ ಬೈದಿದ್ದನ್ನ ಮುಂದಿನವರು ಮಾರಿದರು.

ಅದೇ ವರ್ಷ ಫೆಬ್ರವರಿಯಲ್ಲಿ ಬ್ರಿಗಮ್ ಯಂಗ್ ಮಿಷನರಿಗಳಿಗೆ ಬಿಡುಗಡೆ ಕೊಟ್ಟ. ಮಾರ್ಚ್ ಹೊತ್ತಿಗೆ ಹೆಚ್ಚಿನವರು ಗಾಡಿ ಕಟ್ಟಿದರು. ಉಳಿದ ಕೆಲವರು 1858ರವರೆಗೆ ಹೇಗೋ ತಳ್ಳಿದರು. ಆ ವರ್ಷದ ಬೆಳೆಯನ್ನ ಪೈಯೂಟರು ಕಿತ್ತುಕೊಂಡು ಹೋದಮೇಲೆ ಅವರೂ ಹೊರಟರು. ಮುಖ್ಯ ಮಿಷನ್ ನಡೆದದ್ದು ಎರಡು ವರ್ಷವೂ ಇಲ್ಲ. ಕೋಟೆ ಖಾಲಿ.

ಕೋಟೆ ಆಮೇಲೆ ಏನಾಯ್ತು

ಇಲ್ಲಿಂದ ಬೇಗ ಬೇಗ ಹೇಳ್ತೀನಿ. 1865ರಲ್ಲಿ ಆ ಜಾಗ ಆಕ್ಟೇವಿಯಸ್ ಗ್ಯಾಸ್ ಅನ್ನೋನ ಕೈಗೆ ಬಂತು, ದನದ ದೊಡ್ಡಿ ಮಾಡಿದ. ಸಾಲ ತೀರಿಸೋಕಾಗದೆ ಕಳ್ಕೊಂಡ. ಆಮೇಲೆ ಸ್ಟೀವರ್ಟ್ ಕುಟುಂಬ. ಗಂಡ ಕೊಲೆಯಾದ ಮೇಲೆ ಹೆಲೆನ್ ಸ್ಟೀವರ್ಟ್ ಅನ್ನೋ ಹೆಂಗಸು ಒಬ್ಬಳೇ ನಿಂತು ನಡೆಸಿ, 1902ರಲ್ಲಿ ರೈಲ್ವೆ ಕಂಪನಿಗೆ ಜಮೀನು ಮತ್ತು ನೀರು ಮಾರಿದಳು. 1905ರ ಮೇ 15ಕ್ಕೆ ರೈಲ್ವೆಯವರು ಸೈಟು ಹರಾಜು ಹಾಕಿದರು. ಈಗಿನ ಲಾಸ್ ವೇಗಾಸ್‌ನ ಹುಟ್ಟುಹಬ್ಬ ಅದೇ ದಿನ. 1929ರಲ್ಲಿ ಸರ್ಕಾರ ಹೂವರ್ ಅಣೆಕಟ್ಟಿಗಾಗಿ ಕಾಂಕ್ರೀಟ್ ಪರೀಕ್ಷೆ ಮಾಡೋಕೆ ಕೋಟೆಯ ಉಳಿದ ಕಟ್ಟಡವನ್ನೇ ಬಾಡಿಗೆಗೆ ಹಿಡೀತು. 1931ರಲ್ಲಿ ನೆವಾಡಾದಲ್ಲಿ ಜೂಜು ಕಾನೂನುಬದ್ಧ ಆಯ್ತು.

ನನ್ನಂಥ ಕಾಮರ್ಸ್ ಹುಡುಗನಿಗೆ ಇಷ್ಟವಾದ ತಿರುವು ಇಲ್ಲಿದೆ. 1950ರ ದಶಕದಲ್ಲಿ ಬ್ಯಾಂಕುಗಳು ಕ್ಯಾಸಿನೋಗಳಿಗೆ ಸಾಲ ಕೊಡೋಕೆ ಹೆದರ್ತಿದ್ದವು. ಆಗ ಧೈರ್ಯ ಮಾಡಿ ಕೊಟ್ಟಿದ್ದು ಬ್ಯಾಂಕ್ ಆಫ್ ಲಾಸ್ ವೇಗಾಸ್. ಅದನ್ನ ನಡೆಸಿದ ಪ್ಯಾರಿ ಥಾಮಸ್ ಯೂಟಾದಿಂದ ಬಂದ ಮಾರ್ಮನ್. ಮಿಷನರಿಗಳು ಬಂದ ನೂರು ವರ್ಷಕ್ಕೆ ಅದೇ ಸಮುದಾಯದವನು ಜೂಜಿನ ಊರಿಗೆ ಬಂಡವಾಳ ಹಾಕಿದ. ಇತಿಹಾಸಕ್ಕೆ ಇಂಥ ಹಾಸ್ಯ ತುಂಬಾ ಇಷ್ಟ.

ಬುಗ್ಗೆ? ಅದು 1962ರಲ್ಲಿ ಹರಿಯೋದು ನಿಂತುಹೋಯ್ತು. ಬೋರ್‌ವೆಲ್ ಹೊಡೆದು ಹೊಡೆದು ನೀರಿನ ಮಟ್ಟ ಕೆಳಗೆ ಹೋಗಿತ್ತು. ಹೆಸರಲ್ಲಿ ಹುಲ್ಲುಗಾವಲು ಉಳೀತು, ಹುಲ್ಲುಗಾವಲು ಉಳೀಲಿಲ್ಲ. ಕೋಲಾರದವರಿಗೆ, ಚಿಕ್ಕಬಳ್ಳಾಪುರದವರಿಗೆ ಈ ಕಥೆ ಹೊಸದಲ್ಲ.

ಪೈಯೂಟರು? ಇಡೀ ಕಣಿವೆ ಅವರದಾಗಿತ್ತು. 1911ರಲ್ಲಿ ಹೆಲೆನ್ ಸ್ಟೀವರ್ಟ್ ಮಾರಿದ 10 ಎಕರೆ ಅವರ 'ಕಾಲೊನಿ' ಆಯ್ತು. 10 ಎಕರೆ. 1983ರಲ್ಲಿ ಅಮೆರಿಕದ ಸಂಸತ್ತು ಊರ ಹೊರಗೆ ಸುಮಾರು 3,800 ಎಕರೆ ವಾಪಸ್ ಕೊಟ್ಟಿತು. ಅವರು ಈಗಲೂ ಅಲ್ಲಿದ್ದಾರೆ. ಕಥೆ ಅವರಿಂದ ಮುಗಿದಿಲ್ಲ.

ಅದೇ ದಾರಿ, ಮದ್ರಾಸಿನವರೆಗೆ

ಒಂದು ಸಣ್ಣ ಕೊಂಡಿ ಹೇಳದೆ ಮುಗಿಸೋಕೆ ಮನಸ್ಸಿಲ್ಲ. 1852ರ ಆಗಸ್ಟ್‌ನಲ್ಲಿ, ಬೀನ್‌ಗಿಂತ ಮೂರು ವರ್ಷ ಮೊದಲು, ಸಾಲ್ಟ್ ಲೇಕ್‌ನ ಒಂದು ಸಮ್ಮೇಳನದಲ್ಲಿ ಹೀಗೇ ಹೆಸರು ಕೂಗಿದಾಗ ಒಂಬತ್ತು ಜನರಿಗೆ ಸಿಕ್ಕ ಜಾಗ: ಹಿಂದೂಸ್ತಾನ. ಅವರು ಇದೇ ಮರುಭೂಮಿ ದಾರಿ ಹಿಡಿದು ಕ್ಯಾಲಿಫೋರ್ನಿಯಾ ಸೇರಿ, ಹಡಗು ಹತ್ತಿ, 1853ರಲ್ಲಿ ಕಲ್ಕತ್ತಾದಲ್ಲಿ ಇಳಿದರು. ಅವರಲ್ಲಿ ರಿಚರ್ಡ್ ಬ್ಯಾಲಂಟೈನ್, ರಾಬರ್ಟ್ ಸ್ಕೆಲ್ಟನ್ ಮದ್ರಾಸಿಗೆ ಬಂದರು. ಭಾಷೆ ಬರಲ್ಲ, ದುಡ್ಡಿಲ್ಲ. ಸೇರಿದ ಬೆರಳೆಣಿಕೆಯ ಜನರಲ್ಲಿ ಹೆಚ್ಚಿನವರು ಯುರೋಪಿಯನ್ನರು. ಕೆಲವೇ ವರ್ಷದಲ್ಲಿ ವಾಪಸ್ ಹೋದರು. ಅವರ ಮಧ್ಯೆ ಒಬ್ಬ ಬೀನ್ ಇರಲಿಲ್ಲ.

ಬೆಂಗಳೂರನ್ನ ಕೇಂದ್ರ ಮಾಡ್ಕೊಂಡು ಈ ಸಭೆಯ ಮಿಷನ್ ಶುರುವಾಗಿದ್ದು 1993ರಲ್ಲಿ. ಭಾರತದ ಮೊದಲ ಮಂದಿರ ಬೆಂಗಳೂರಲ್ಲಿ ಕಟ್ತೀವಿ ಅಂತ ಘೋಷಿಸಿದ್ದು 2018ರಲ್ಲಿ. ಬಸ್ ಸ್ಟಾಪ್‌ನ ಹುಡುಗರು ಬಂದಿದ್ದು ಈ ಸರಪಳಿಯ ತುದಿಯಲ್ಲಿ. ಅವರ ದಿನಚರಿ ಈಗ ಗಡಿಯಾರದ ಪ್ರಕಾರ: ಸಾಮಾನ್ಯವಾಗಿ ಬೆಳಿಗ್ಗೆ ಆರೂವರೆ ಸುಮಾರಿಗೆ ಏಳಬೇಕು, ರಾತ್ರಿ ಹತ್ತೂವರೆ ಸುಮಾರಿಗೆ ಮಲಗಬೇಕು, ಜೊತೆಗಾರನನ್ನ ಬಿಟ್ಟು ಒಬ್ಬನೇ ಓಡಾಡೋ ಹಾಗಿಲ್ಲ. ಮನೆಗೆ ಫೋನ್ ಮಾಡೋಕೆ ಮೊದಲೆಲ್ಲ ವರ್ಷಕ್ಕೆ ಎರಡೇ ಸಲ ಅವಕಾಶ ಇತ್ತು. 2019ರಿಂದ ವಾರಕ್ಕೊಮ್ಮೆ. ತಿಂಗಳ ಟಪಾಲಿಗೆ ಕಾಯ್ತಿದ್ದ ಬೀನ್‌ಗೆ ಇದನ್ನ ಹೇಳಿದ್ದರೆ ನಂಬ್ತಿರಲಿಲ್ಲ.

ಲೆಕ್ಕ ಮುಗಿಸೋಣ

ಕಾಲೇಜಲ್ಲಿ ನಮ್ಮ ಅಕೌಂಟ್ಸ್ ಮೇಷ್ಟ್ರು ಒಂದು ಮಾತು ಹೇಳ್ತಿದ್ದರು. ಒಂದು ಕಡೆ ಬರೆದಿದ್ದು ಇನ್ನೊಂದು ಕಡೆ ಬಂದಿಲ್ಲ ಅಂದ್ರೆ ತಪ್ಪು ಪುಸ್ತಕದ್ದಲ್ಲ, ಬರೆದವನದ್ದು. ಈ ಮಿಷನ್ನಿನ ಪುಸ್ತಕಾನ ಹಾಗೆ ನೋಡಿದೆ.

ಹುಡುಗರು ಹಾಕಿದ್ದು: ವಯಸ್ಸು, ಬೆವರು, ಸ್ವಂತ ಗಾಡಿ ಎತ್ತು, ಹೊಸ ಸಂಸಾರದ ಎರಡು ವರ್ಷ. ಅವರಿಗೆ ಸಂಬಳ ಸಿಗಲಿಲ್ಲ, ಸೀಸವೂ ಸಿಗಲಿಲ್ಲ. ಹೆಚ್ಚಿನವರು ಇದನ್ನ ಮನಸಾರೆ ಮಾಡಿದರು. ಆ ನಿಷ್ಠೇನ ನಾನು ಹಗುರವಾಗಿ ಮಾತಾಡಲ್ಲ. ಆದರೆ ಅವರ ಬರಹದಲ್ಲಿ ಒಂದು ಖರ್ಚು ಎಲ್ಲೂ ಬರೆದಿಲ್ಲ: ನೀರು. ಅದು ಪುಕ್ಕಟೆ ಸಿಕ್ಕಿತು ಅಂದುಕೊಂಡರು. ಪುಕ್ಕಟೆ ಸಿಕ್ಕಿರಲಿಲ್ಲ. ಅದರ ಬೆಲೆ ಕೊಟ್ಟವರ ಹೆಸರು ಪುಸ್ತಕದಲ್ಲಿ ಇರಲಿಲ್ಲ, ಅಷ್ಟೆ. ತಮ್ಮ ಜೇಬಿಂದ ಖರ್ಚು ಮಾಡೋನಿಗೆ ತಾನು ಬೇರೆಯವರದ್ದನ್ನ ತಗೋತಿದ್ದೀನಿ ಅನ್ನೋದು ಕಾಣೋದು ಕಷ್ಟ. ತ್ಯಾಗ ಮಾಡ್ತಿರೋನ ಕಣ್ಣಿಗೆ ಅದು ಇನ್ನೂ ಕಷ್ಟ.

ಹಾಗಾದರೆ ಉಳಿದಿದ್ದು ಏನೂ ಇಲ್ವಾ? ಒಂದು ಗೋಡೆ ಉಳಿದಿದೆ. ಇವತ್ತು ಲಾಸ್ ವೇಗಾಸ್‌ನಲ್ಲಿ ಕ್ಯಾಸಿನೋಗಳಿಂದ ಸ್ವಲ್ಪವೇ ದೂರದಲ್ಲಿ ಹಸಿ ಇಟ್ಟಿಗೆಯ ಒಂದು ಸಣ್ಣ ಕಟ್ಟಡ ಇದೆ. ವಲಸಿಗರು ನೆವಾಡಾದಲ್ಲಿ ಕಟ್ಟಿದ್ದರಲ್ಲಿ ಈಗಲೂ ನಿಂತಿರೋ ಅತಿ ಹಳೇದು ಅದು. ರಾಜ್ಯ ಸರ್ಕಾರ ಸ್ಮಾರಕವಾಗಿ ನೋಡ್ಕೊಳ್ತಿದೆ.

ಬೀನ್ ಆಮೇಲೂ ಯೂಟಾದಲ್ಲಿ ದುಭಾಷಿಯಾಗಿ ದುಡಿದ, ನ್ಯಾಯಾಧೀಶನೂ ಆದ, ತನ್ನ ಬದುಕಿನ ಕಥೆ ಬರೆದಿಟ್ಟ. ತೀರಿಕೊಂಡಿದ್ದು 1897ರಲ್ಲಿ. ಅವನ ಬದುಕಲ್ಲಿ ನನಗೆ ದೊಡ್ಡದಾಗಿ ಕಾಣೋದು ಕೋಟೆ ಅಲ್ಲ. ಹದಿನೆಂಟರ ಹುಡುಗ ಕೈ ಕಳ್ಕೊಂಡು ಮಲಗಿದ್ದಾಗ ಹಾಸಿಗೆ ಪಕ್ಕ ಬಂದು ಕೂತ ಯೂಟ್ ಜನ. ಅವರಿಗೆ ಅವನಿಂದ ಏನೂ ಆಗಬೇಕಿರಲಿಲ್ಲ. ಅವನಿಗೂ ಅವರನ್ನ ಬದಲಾಯಿಸಬೇಕಿರಲಿಲ್ಲ. ಸುಮ್ಮನೆ ಮಾತಾಡಿದರು, ಅವನು ಕಲಿತ. ಇಡೀ ಕಥೇಲಿ ಎರಡೂ ಕಡೆ ಸರಿಹೋಗೋ ಲೆಕ್ಕ ಅದೊಂದೇ.

ಬಸ್ ಸ್ಟಾಪ್‌ನ ಹುಡುಗ ಬಸ್ ಹತ್ತೋ ಮೊದಲು ನನ್ನ ಒಂದು ಮಾತು ಕೇಳಿದ್ದ. "ಅಣ್ಣ, 'ಹೋಗಿ ಬರ್ತೀನಿ' ಅಂತಾರಲ್ಲ, ಹೋಗ್ತಿರೋನು 'ಬರ್ತೀನಿ' ಅಂತ ಯಾಕೆ ಹೇಳ್ಬೇಕು?" ನಾನು ಹೇಳಿದೆ, ಬರೀ 'ಹೋಗ್ತೀನಿ' ಅಂದ್ರೆ ನಮ್ಮಲ್ಲಿ ಅಪಶಕುನ ಕಣಪ್ಪ ಅಂತ. ಅವನು ಪಾಕೆಟ್ ಪುಸ್ತಕ ತೆಗೆದು ಬರ್ಕೊಂಡ.

ನಾನೂ ಅದನ್ನೇ ಹೇಳ್ತೀನಿ. ಈ ಸಂಚಿಕೆ ಹೇಗಿತ್ತು ಅಂತ ಬರೆದು ತಿಳಿಸಿ. ನಿಮ್ಮೂರಲ್ಲೂ ಹೊರಗಿಂದ ಬಂದವರು ಕಟ್ಟಿ ಬಿಟ್ಟುಹೋದ ಒಂದು ಗೋಡೆ ಇರಬಹುದು. ಅದಕ್ಕೆ ನೀರು ಯಾವ ಬಾವಿಯಿಂದ ಬಂತು ಅಂತ ಹಿರಿಯರನ್ನ ಕೇಳಿ ನೋಡಿ. ಮುಂದಿನ ವಾರ ಸಿಗೋಣ. ಹೋಗಿ ಬರ್ತೀನಿ, ನಮಸ್ಕಾರ.